ಹಾರ್ಮೋನು ಅವಲಂಬಿತ ಸ್ತನ ಕ್ಯಾನ್ಸರಿಗೆ ಬಹುಲಕ್ಷ್ಯ ಔಷಧಗಳು: ಒಂದು ವಿವೇಚನೆ

ಪೀಠಿಕೆ

ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರನ್ನು ಕುರಿತ ಅಧ್ಯಯನಗಳು ಹೆಚ್ಚಾಗಿ ಹೋಟೆಲು ಉದ್ಯಮ, ಸಂಘಸಂಸ್ಥೆಗಳು, ಯಕ್ಷಗಾನ, ಕನ್ನಡ ಶಾಲೆಗಳು ಮತ್ತು ಸಾಹಿತ್ಯಿಕ ಚಟುವಟಿಕೆಗಳ ಸುತ್ತ ನಡೆದಿವೆ. ರೋಗ ಮತ್ತು ಚಿಕಿತ್ಸೆಗೆ ಸಂಬಂಧಿಸಿದ ಬದುಕಿನ ಭಾಗ ಬರಹಕ್ಕೆ ಬಂದದ್ದು ಕಡಿಮೆ. ಹಾಗೆಂದು ಮುಂಬಯಿ ಕನ್ನಡಕ್ಕೆ ರಸಾಯನಶಾಸ್ತ್ರವೇನೂ ಹೊರಗಿನದಲ್ಲ. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರು ತಮ್ಮ ಕಾದಂಬರಿಗಳಲ್ಲಿ ರಾಸಾಯನಿಕ ಉದ್ಯಮದ ಜಗತ್ತನ್ನು ಕನ್ನಡದ ಅನುಭವವನ್ನಾಗಿ ಮಾಡಿದರು. ಅದೇ ನಗರದ ಇನ್ನೊಂದು ಅಂಚಿನಲ್ಲಿ ನಡೆಯುತ್ತಿರುವ ಔಷಧ ಸಂಶೋಧನೆಯನ್ನು ಕನ್ನಡದಲ್ಲಿ ವಿವರಿಸುವುದು ಆ ಪರಂಪರೆಗೆ ಹೊಂದುವ ಕೆಲಸವೇ ಆಗಿದೆ.

ನವಿಮುಂಬಯಿಯ ಖಾರ್ಘರಿನಲ್ಲಿರುವ ಕ್ಯಾನ್ಸರ್ ಸಂಶೋಧನ ಕೇಂದ್ರ ಈ ಪ್ರದೇಶದ ಒಂದು ಪ್ರಮುಖ ಸಂಸ್ಥೆ. ಆಕ್ಟ್ರೆಕ್ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಇದು ಟಾಟಾ ಮೆಮೋರಿಯಲ್ ಕೇಂದ್ರದ ಅಂಗ. ಡೊಂಬಿವಲಿ ಅಥವಾ ಕಲ್ಯಾಣದ ರೋಗಿ ಥಾಣೆಯವರೆಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಐರೋಲಿ, ರಬಾಳೆ, ಘನ್ಸೋಲಿ, ತುರ್ಭೆಗಳ ಮಾರ್ಗವಾಗಿ ಖಾರ್ಘರ್ ತಲಪುತ್ತಾಳೆ. ಆಕೆಯ ಕೈಯಲ್ಲಿರುವ ವರದಿ ಇಂಗ್ಲಿಷಿನದು. ವೈದ್ಯರೊಡನೆ ನಡೆಯುವ ಮಾತು ಮರಾಠಿ ಅಥವಾ ಹಿಂದಿಯದು. ಮನೆಗೆ ಬಂದ ಮೇಲೆ ಅದನ್ನು ಅರ್ಥಮಾಡಿಕೊಳ್ಳಬೇಕಾದದ್ದು ಕನ್ನಡದಲ್ಲಿ ಅಥವಾ ತುಳುವಿನಲ್ಲಿ. ಈ ಮೂರು ಹಂತಗಳ ನಡುವೆ ಬಹಳಷ್ಟು ಅರ್ಥ ಸೋರಿಹೋಗುತ್ತದೆ.

ಸ್ತನ ಕ್ಯಾನ್ಸರ್ ಭಾರತೀಯ ಮಹಿಳೆಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್. ಅಂತರರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ಪ್ರಕರಣಗಳೂ ಸುಮಾರು 98 ಸಾವಿರ ಮರಣಗಳೂ ಈ ರೋಗದಿಂದ ಸಂಭವಿಸಿದವು. ಈ ರೋಗದ ಒಂದು ಮುಖ್ಯ ಬಗೆಯಾದ ಹಾರ್ಮೋನು ಅವಲಂಬಿತ ಕ್ಯಾನ್ಸರಿಗೆ ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಗುರಿಗಳನ್ನು ಹಿಡಿಯುವ ಔಷಧಗಳನ್ನು ರೂಪಿಸುವ ಪ್ರಯತ್ನ ಹೇಗೆ ಹುಟ್ಟಿತು, ಅದರ ತರ್ಕವೇನು, ಮಿತಿಯೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ರೋಗದ ಸ್ವರೂಪ ಮತ್ತು ಪರಿಭಾಷೆ

ಕ್ಯಾನ್ಸರಿಗೆ ಕನ್ನಡದ ವೈದ್ಯ ಬರಹಗಾರರು 'ಅರ್ಬುದ', 'ಏಡಿಗಂತಿ' ಮೊದಲಾದ ಪದಗಳನ್ನು ಬಳಸಿರುವರಾದರೂ ಜನ ಬಳಕೆಯಲ್ಲಿ ನೆಲೆನಿಂತದ್ದು 'ಕ್ಯಾನ್ಸರ್' ಎಂಬ ಪದವೇ. 'ಹಾರ್ಮೋನು' ಎಂಬುದೂ ಹಾಗೆಯೇ. ಆದರೆ ಈ ರೋಗವನ್ನು ತಿಳಿಯಲು ಅತ್ಯಂತ ಅಗತ್ಯವಾದ ಇನ್ನೊಂದು ಪರಿಕಲ್ಪನೆಗೆ ಕನ್ನಡದಲ್ಲಿ ಇನ್ನೂ ಒಂದು ಸ್ಥಿರವಾದ ಹೆಸರು ದೊರೆತಿಲ್ಲ. ಜೀವಕೋಶದಲ್ಲಿದ್ದು ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನನ್ನು ಕೆಲವರು 'ಗ್ರಾಹಕ' ಎಂದಿದ್ದಾರೆ. ಅಂಗಡಿಯ ಭಾಷೆಯಲ್ಲಿ ಗ್ರಾಹಕ ಎಂದರೆ ಗಿರಾಕಿ. ಗೊಂದಲ ತಪ್ಪಿಸಲು 'ಗ್ರಾಹಿ' ಎಂಬ ರೂಪವೇ ಯುಕ್ತವೆನಿಸುತ್ತದೆ. ಇಲ್ಲಿ ಅದನ್ನೇ ಬಳಸಲಾಗಿದೆ.

ಸ್ತನದ ಸಹಜ ಕೋಶಗಳು ಈಸ್ಟ್ರೊಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳ ಆಜ್ಞೆಯಂತೆ ಬೆಳೆಯುತ್ತವೆ, ವಿರಮಿಸುತ್ತವೆ. ಈಸ್ಟ್ರೊಜನ್ ಕೋಶದೊಳಕ್ಕೆ ಬಂದು ತನ್ನ ಗ್ರಾಹಿಯನ್ನು ಸೇರಿದಾಗ, ಆ ಗ್ರಾಹಿಯು ಕೋಶಕೇಂದ್ರದಲ್ಲಿ ಡಿ.ಎನ್.ಎ.ಯ ನಿರ್ದಿಷ್ಟ ತಾಣಗಳಲ್ಲಿ ಕುಳಿತು ಕೆಲವು ವಂಶವಾಹಿಗಳನ್ನು ಎಚ್ಚರಿಸುತ್ತದೆ. ಆಗ ಉಂಟಾಗುವ ಪ್ರೋಟೀನುಗಳಲ್ಲಿ ಸೈಕ್ಲಿನ್ ಡಿ-1 ಎಂಬುದು ಒಂದು. ಅದು ಸಿ.ಡಿ.ಕೆ.-4 ಮತ್ತು ಸಿ.ಡಿ.ಕೆ.-6 ಎಂಬ ಕಿಣ್ವಗಳೊಡನೆ ಕೂಡಿ ಕೋಶವಿಭಜನೆಗೆ ಹಾಕಿದ್ದ ತಡೆಯನ್ನು ಸಡಿಲಿಸುತ್ತದೆ, ಕೋಶ ಇಬ್ಭಾಗವಾಗುತ್ತದೆ. ಸಹಜ ಕೋಶದಲ್ಲಿ ಈ ಕ್ರಿಯೆಗೆ ಅಂಕೆಯಿದೆ. ಕ್ಯಾನ್ಸರ್ ಕೋಶದಲ್ಲಿ ಆಜ್ಞೆಯನ್ನು ಪಾಲಿಸುವ ವ್ಯವಸ್ಥೆ ಉಳಿದಿರುತ್ತದೆ, ಅಂಕೆ ಮಾತ್ರ ಅಳಿದಿರುತ್ತದೆ.

ಶಸ್ತ್ರಕ್ರಿಯೆಯಲ್ಲಿ ಅಥವಾ ಸೂಜಿಯ ಮೂಲಕ ತೆಗೆದ ಗಂಟಿನ ತುಣುಕನ್ನು ಪರೀಕ್ಷಿಸಿದ ವರದಿಯಲ್ಲಿ ಮೂರು ಸಾಲುಗಳಿರುತ್ತವೆ: ಇ.ಆರ್., ಪಿ.ಆರ್. ಮತ್ತು ಹರ್-2. ಮೊದಲನೆಯದು ಈಸ್ಟ್ರೊಜನ್ ಗ್ರಾಹಿ, ಎರಡನೆಯದು ಪ್ರೊಜೆಸ್ಟರಾನ್ ಗ್ರಾಹಿ, ಮೂರನೆಯದು ಕೋಶದ ಹೊರಪೊರೆಯ ಮೇಲಿರುವ ಬೇರೊಂದು ಗ್ರಾಹಿ. ನೂರು ಕೋಶಗಳಲ್ಲಿ ಒಂದರ ಕೇಂದ್ರವಾದರೂ ಬಣ್ಣ ಹಿಡಿದರೆ ಆ ಗಂಟನ್ನು ಗ್ರಾಹಿಸಹಿತವೆಂದು ಪರಿಗಣಿಸುವ ಕ್ರಮ 2010ರಿಂದ ರೂಢಿಯಲ್ಲಿದೆ. ಪಾಶ್ಚಾತ್ಯ ದೇಶಗಳಲ್ಲಿ ಸ್ತನ ಕ್ಯಾನ್ಸರುಗಳ ಪೈಕಿ ಮೂರರಲ್ಲಿ ಎರಡಕ್ಕೂ ಹೆಚ್ಚು ಈ ವರ್ಗಕ್ಕೆ ಸೇರಿದವು. ಭಾರತದಲ್ಲಿ ಪ್ರಮಾಣ ಸ್ವಲ್ಪ ಕಡಿಮೆಯಾದರೂ ದೊಡ್ಡ ಪಾಲು ಇದರದೇ. 'ಪಾಸಿಟಿವ್' ಎಂಬ ಮಾತು ಕಿವಿಗೆ ಬಿದ್ದೊಡನೆ ಎದೆಗುಂದುವ ಕುಟುಂಬಗಳಿವೆ. ವಸ್ತುಸ್ಥಿತಿ ಬೇರೆ: ಗ್ರಾಹಿ ಇದೆಯೆಂದರೆ ಔಷಧಕ್ಕೆ ಹಿಡಿಯಲು ಒಂದು ಹಿಡಿಕೆ ಇದೆಯೆಂದು ಅರ್ಥ.

ಒಂದೇ ಲಕ್ಷ್ಯದ ಔಷಧಗಳು

ಅಂಡಾಶಯಕ್ಕೂ ಸ್ತನ ಕ್ಯಾನ್ಸರಿಗೂ ಸಂಬಂಧವಿದೆಯೆಂಬುದನ್ನು ಚಿಕಿತ್ಸೆಯ ಮೂಲಕ ತೋರಿಸಿದವನು ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜಾರ್ಜ್ ಬೀಟ್‌ಸನ್. ಅಂಡಾಶಯಗಳನ್ನು ತೆಗೆದ ಮೇಲೆ ಮುಂದುವರಿದ ಹಂತದ ಗಂಟುಗಳು ಕರಗಿದುದನ್ನು ಆತ 1896ರಲ್ಲಿ ಪ್ರಕಟಿಸಿದ. ಆಗ 'ಹಾರ್ಮೋನು' ಎಂಬ ಪದವೇ ಹುಟ್ಟಿರಲಿಲ್ಲ. ಕಾರಣ ತಿಳಿಯಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಶಿಕಾಗೋದ ಎಲ್ವುಡ್ ಜೆನ್ಸನ್ 1950ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳಲ್ಲಿ ಈಸ್ಟ್ರೊಜನ್ನಿನ ಗ್ರಾಹಿ ಬೆಳಕಿಗೆ ಬಂದಿತು.

ಟ್ಯಾಮಾಕ್ಸಿಫೆನ್ ಎಂಬ ಔಷಧದ ಕಥೆ ಇದಕ್ಕೆ ಹೊಂದಿಕೊಂಡಿದೆ. ಇಂಗ್ಲೆಂಡಿನ ಐ.ಸಿ.ಐ. ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ 1962ರಲ್ಲಿ ಇದನ್ನು ಸಂಶ್ಲೇಷಿಸಿದಾಗ ಹುಡುಕಾಟ ನಡೆದದ್ದು ಗರ್ಭನಿರೋಧಕಕ್ಕಾಗಿ. ಆ ಉದ್ದೇಶಕ್ಕೆ ಅದು ಒದಗಲಿಲ್ಲ. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಮೇರಿ ಕೋಲ್ ಮತ್ತು ಸಹೋದ್ಯೋಗಿಗಳು 1971ರಲ್ಲಿ ಸ್ತನ ಕ್ಯಾನ್ಸರಿನಲ್ಲಿ ಅದರ ಫಲವನ್ನು ವರದಿ ಮಾಡಿದರು. ಅಮೆರಿಕದಲ್ಲಿ 1977ರಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ಬೀಗದ ರಂಧ್ರದಲ್ಲಿ ಮುರಿದ ಕೀಲಿಯೊಂದನ್ನು ತುರುಕಿಟ್ಟರೆ ನಿಜವಾದ ಕೀಲಿ ಒಳಗೆ ಹೋಗಲಾರದು. ಟ್ಯಾಮಾಕ್ಸಿಫೆನ್ ಮಾಡುವುದು ಅದನ್ನೇ. ಐದು ವರ್ಷ ತಪ್ಪದೆ ಇದನ್ನು ಸೇವಿಸಿದ ಗ್ರಾಹಿಸಹಿತ ರೋಗಿಗಳಲ್ಲಿ, ಮುಂದಿನ ಹದಿನೈದು ವರ್ಷಗಳ ಅವಧಿಯಲ್ಲಿ, ಸ್ತನ ಕ್ಯಾನ್ಸರಿನಿಂದಾಗುವ ಮರಣ ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗುತ್ತದೆಂದು ಹಲವು ಪ್ರಯೋಗಗಳ ಒಟ್ಟು ವಿಶ್ಲೇಷಣೆ ತೋರಿಸಿದೆ. ಅಗ್ಗವಾಗಿ ದೊರೆಯುವ ಸಣ್ಣ ಮಾತ್ರೆಯೊಂದು ಸಾಧಿಸಿದ ಈ ಫಲ ಆಧುನಿಕ ವೈದ್ಯದ ದೊಡ್ಡ ಸಾಧನೆಗಳಲ್ಲಿ ಒಂದು.

ಎರಡನೆಯ ಮಾರ್ಗ ಹಾರ್ಮೋನಿನ ಉತ್ಪಾದನೆಯನ್ನೇ ತಡೆಯುವುದು. ಮುಟ್ಟು ನಿಂತ ಮಹಿಳೆಯರಲ್ಲಿ ಅಂಡಾಶಯ ಕೆಲಸ ನಿಲ್ಲಿಸಿದರೂ ಕೊಬ್ಬಿನ ಅಂಗಾಂಶ ಮೊದಲಾದೆಡೆಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಈಸ್ಟ್ರೊಜನ್ನನ್ನು ತಯಾರಿಸುತ್ತಲೇ ಇರುತ್ತದೆ. ಆ ಕಿಣ್ವವನ್ನು ತಡೆಯುವ ಅನಾಸ್ಟ್ರೊಜೋಲ್, ಲೆಟ್ರೊಜೋಲ್, ಎಕ್ಸೆಮೆಸ್ಟೇನ್ ಎಂಬ ಔಷಧಗಳು 1990ರ ದಶಕದ ಉತ್ತರಾರ್ಧದಲ್ಲಿ ಬಳಕೆಗೆ ಬಂದವು. ಮೂರನೆಯ ಮಾರ್ಗ ಗ್ರಾಹಿಯನ್ನೇ ನಾಶಗೊಳಿಸುವುದು. 2002ರಲ್ಲಿ ಅಮೆರಿಕದಲ್ಲಿ ಮಂಜೂರಾದ ಫುಲ್ವೆಸ್ಟ್ರಾಂಟ್ ಚುಚ್ಚುಮದ್ದು ಈ ಬಗೆಯದು. ಕೀಲಿಯನ್ನು ತಡೆಯುವುದು, ಕೀಲಿ ತಯಾರಾಗದಂತೆ ನೋಡುವುದು, ಬೀಗವನ್ನೇ ಕಳಚುವುದು ಎಂದು ಈ ಮೂರನ್ನೂ ಸಂಗ್ರಹಿಸಿ ಹೇಳಬಹುದು. ಮೂರರ ಲಕ್ಷ್ಯವೂ ಒಂದೇ ಬಾಗಿಲು.

ಪ್ರತಿರೋಧದ ಸಮಸ್ಯೆ

ರೋಗ ಬೇರೆ ಅಂಗಗಳಿಗೆ ಹರಡಿದ ಹಂತದಲ್ಲಿ ಈ ಔಷಧಗಳು ಕೆಲವು ಕಾಲ ಕೆಲಸಮಾಡಿ ಬಳಿಕ ಸೋಲುವುದು ಸಾಮಾನ್ಯ. ಇದನ್ನು ಅರಿಯಲು ಈ ಪ್ರದೇಶದ ರೈಲುಮಾರ್ಗದ ಉದಾಹರಣೆಯೇ ಸಾಕು. ಡೊಂಬಿವಲಿ ಮತ್ತು ಥಾಣೆಯ ನಡುವೆ ಮಳೆಗಾಲದಲ್ಲಿ ಗಾಡಿಗಳು ನಿಂತುಹೋದರೆ ನವಿಮುಂಬಯಿಯಲ್ಲಿ ಕೆಲಸಕ್ಕಿರುವವರು ಮನೆಯಲ್ಲಿ ಉಳಿಯುವುದಿಲ್ಲ. ಕಲ್ಯಾಣ-ಶಿಳ್ ರಸ್ತೆಯನ್ನು ಹಿಡಿದು ಬಸ್ಸಿನಲ್ಲಿ ಮಹಾಪೆಯತ್ತ ಹೊರಡುತ್ತಾರೆ. ಮೊದಲ ದಿನ ಹತ್ತಾರು ಮಂದಿ. ತಡೆ ವಾರಗಟ್ಟಲೆ ಮುಂದುವರಿದರೆ ಸಾವಿರಾರು ಮಂದಿ. ಕ್ಯಾನ್ಸರ್ ಕೋಶಗಳ ಸಮೂಹವೂ ಹೀಗೆಯೇ ವರ್ತಿಸುತ್ತದೆ. ಆದರೆ ಅದರ ಹಿಂದೆ ಯಾವ ಯೋಚನೆಯೂ ಇರುವುದಿಲ್ಲ. ಕೋಟ್ಯಂತರ ಕೋಶಗಳಲ್ಲಿ ಬೇರೆ ದಾರಿಯಿರುವ ಕೆಲವು ಮೊದಲೇ ಇರುತ್ತವೆ, ಅಥವಾ ವಿಭಜನೆಯ ಹೊತ್ತಿನ ತಪ್ಪುಗಳಿಂದ ಹೊಸದಾಗಿ ಹುಟ್ಟುತ್ತವೆ. ಔಷಧ ಉಳಿದವನ್ನು ತಗ್ಗಿಸುತ್ತದೆ. ಇವು ಉಳಿದು ಹೆಚ್ಚುತ್ತವೆ.

ಈ ಬಳಸುದಾರಿಗಳಲ್ಲಿ ಮೂರು ಮುಖ್ಯ. ಒಂದು, ಗ್ರಾಹಿಯ ವಂಶವಾಹಿಯಲ್ಲೇ ಬದಲಾವಣೆಯಾಗಿ, ಈಸ್ಟ್ರೊಜನ್ ಇಲ್ಲದಿದ್ದರೂ ಗ್ರಾಹಿ ಸದಾ ಎಚ್ಚರವಾಗಿರುವುದು. ಅರೋಮಟೇಸ್ ತಡೆಗಳನ್ನು ದೀರ್ಘಕಾಲ ಪಡೆದವರಲ್ಲಿ ಇದು ವಿಶೇಷವಾಗಿ ಕಂಡುಬರುತ್ತದೆ. ಎರಡು, ಪಿ.ಐ.-3 ಕೈನೇಸ್ ಎಂಬ ಕಿಣ್ವದಿಂದ ಆರಂಭವಾಗುವ ಬೆಳವಣಿಗೆಯ ಸಂಕೇತಸರಣಿ. ಮುಂದುವರಿದ ಹಂತದ ಹಾರ್ಮೋನು ಅವಲಂಬಿತ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ನಲವತ್ತರಲ್ಲಿ ಈ ಕಿಣ್ವದ ವಂಶವಾಹಿ ವಿಕೃತಗೊಂಡಿರುತ್ತದೆ. ಮೂರು, ಹಿಂದೆ ಹೇಳಿದ ಸಿ.ಡಿ.ಕೆ. ಕಿಣ್ವಗಳು. ಮೇಲಿನಿಂದ ಯಾವ ಮಾರ್ಗವಾಗಿ ಆಜ್ಞೆ ಬಂದರೂ ಕೋಶವಿಭಜನೆಯ ಹೆಬ್ಬಾಗಿಲು ಬಹುಮಟ್ಟಿಗೆ ಇವುಗಳ ಕೈಯಲ್ಲಿದೆ. ಒಂದೇ ಲಕ್ಷ್ಯದ ಔಷಧ ಸೋಲುವುದೇಕೆ ಎಂಬುದೂ, ಬಹುಲಕ್ಷ್ಯದ ಚಿಂತನೆ ಹುಟ್ಟಿದ್ದೇಕೆ ಎಂಬುದೂ ಇದರಿಂದ ವಿದಿತವಾಗುತ್ತದೆ.

ಔಷಧಗಳ ಜೋಡಣೆ

ಬಹುಲಕ್ಷ್ಯ ಚಿಕಿತ್ಸೆಯ ಮೊದಲ ಬಗೆ ಎರಡು ಅಥವಾ ಮೂರು ಬೇರೆ ಬೇರೆ ಔಷಧಗಳನ್ನು ಜೊತೆಯಾಗಿ ಕೊಡುವುದು. ಹೆಚ್ಚು ಬಾಗಿಲು ಮುಚ್ಚಿದಷ್ಟೂ ಹೆಚ್ಚು ಫಲ ಎಂಬ ಎಣಿಕೆ ಸಹಜವಾದುದು. ಆದರೆ ಇದರ ಚರಿತ್ರೆಯ ಮೊದಲ ದೊಡ್ಡ ಪಾಠ ನಿರಾಶೆಯದು. ಮುಟ್ಟು ನಿಂತ 9,366 ಮಹಿಳೆಯರನ್ನೊಳಗೊಂಡ 'ಎಟಾಕ್' ಎಂಬ ಪ್ರಯೋಗದಲ್ಲಿ ಒಂದು ಗುಂಪಿಗೆ ಟ್ಯಾಮಾಕ್ಸಿಫೆನ್, ಇನ್ನೊಂದಕ್ಕೆ ಅನಾಸ್ಟ್ರೊಜೋಲ್, ಮತ್ತೊಂದಕ್ಕೆ ಎರಡನ್ನೂ ಕೊಡಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅನಾಸ್ಟ್ರೊಜೋಲ್ ಒಂದನ್ನೇ ಪಡೆದವರ ಸ್ಥಿತಿ ಉತ್ತಮವಾಗಿತ್ತು; ಎರಡನ್ನೂ ಪಡೆದವರ ಸ್ಥಿತಿ ಟ್ಯಾಮಾಕ್ಸಿಫೆನ್ ಮಾತ್ರ ಪಡೆದವರಿಗಿಂತ ಮೇಲೇನೂ ಆಗಿರಲಿಲ್ಲ. ಈಸ್ಟ್ರೊಜನ್ ತೀರ ಕಡಿಮೆಯಾದ ದೇಹದಲ್ಲಿ ಟ್ಯಾಮಾಕ್ಸಿಫೆನ್ ತಾನೇ ಮಂದವಾದ ಈಸ್ಟ್ರೊಜನ್ನಿನಂತೆ ವರ್ತಿಸಿರಬೇಕೆಂಬುದು ವಿದ್ವಾಂಸರು ಕೊಟ್ಟ ಸಮಾಧಾನ. ಒಂದೇ ದಾರಿಯ ಎರಡು ತಾಣಗಳಲ್ಲಿ ಅಡ್ಡಗಟ್ಟುವುದರಿಂದ ಲಾಭ ಇಮ್ಮಡಿಯಾಗಬೇಕೆಂಬ ನಿಯಮವಿಲ್ಲ.

ಎರಡನೆಯ ಪಾಠ ಆಶಾದಾಯಕವಾದುದು. ಗ್ರಾಹಿಯ ದಾರಿಯ ಜೊತೆಗೆ ವಿಭಜನೆಯ ಹೆಬ್ಬಾಗಿಲನ್ನೂ ಮುಚ್ಚಿದಾಗ ಫಲ ನಿಚ್ಚಳವಾಗಿ ಕಂಡಿತು. ಸಿ.ಡಿ.ಕೆ. ಕಿಣ್ವಗಳನ್ನು ತಡೆಯುವ ಪಾಲ್ಬೊಸಿಕ್ಲಿಬ್ 2015ರಲ್ಲಿ, ರೈಬೊಸಿಕ್ಲಿಬ್ ಮತ್ತು ಅಬೆಮಸಿಕ್ಲಿಬ್ 2017ರಲ್ಲಿ ಅಮೆರಿಕದಲ್ಲಿ ಮಂಜೂರಾದವು. 2016ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲೆಟ್ರೊಜೋಲ್ ಮಾತ್ರ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಮಧ್ಯಮ ಅವಧಿ 14.5 ತಿಂಗಳು, ಪಾಲ್ಬೊಸಿಕ್ಲಿಬನ್ನೂ ಸೇರಿಸಿದಾಗ 24.8 ತಿಂಗಳು. ಆದರೂ ಆ ಪ್ರಯೋಗದಲ್ಲಿ ಒಟ್ಟು ಆಯುಸ್ಸಿನ ಹೆಚ್ಚಳ ಸಂಖ್ಯಾಶಾಸ್ತ್ರದ ಒರೆಗಲ್ಲಿನಲ್ಲಿ ಖಚಿತವಾಗಲಿಲ್ಲ. ರೈಬೊಸಿಕ್ಲಿಬಿನ ಪ್ರಯೋಗಗಳಲ್ಲಿ ಅದು ಖಚಿತವಾಯಿತು. ಮುಟ್ಟು ನಿಲ್ಲದ ವಯಸ್ಸಿನ ಮಹಿಳೆಯರಲ್ಲಿ ನಡೆದು 2019ರಲ್ಲಿ ವರದಿಯಾದ ಅಧ್ಯಯನದಲ್ಲಿ 42 ತಿಂಗಳ ಬಳಿಕ ಬದುಕಿದ್ದವರ ಅಂದಾಜು ಪ್ರಮಾಣ ನೂರಕ್ಕೆ 70.2, ಹಾರ್ಮೋನು ಚಿಕಿತ್ಸೆ ಮಾತ್ರ ಪಡೆದವರಲ್ಲಿ 46.0. ಭಾರತದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದರಿಂದ ಈ ಅಧ್ಯಯನ ಇಲ್ಲಿಗೆ ವಿಶೇಷವಾಗಿ ಪ್ರಸ್ತುತವಾಗಿದೆ.

ಮೂರು ಲಕ್ಷ್ಯಗಳ ಜೋಡಣೆಯೂ ಈಗ ಬಳಕೆಗೆ ಬಂದಿದೆ. ಪಿ.ಐ.-3 ಕೈನೇಸನ್ನು ತಡೆಯುವ ಇನಾವೊಲಿಸಿಬನ್ನು ಪಾಲ್ಬೊಸಿಕ್ಲಿಬ್ ಮತ್ತು ಫುಲ್ವೆಸ್ಟ್ರಾಂಟುಗಳಿಗೆ ಸೇರಿಸಿದ ಪ್ರಯೋಗದಲ್ಲಿ ರೋಗ ತಡೆಹಿಡಿದ ಮಧ್ಯಮ ಅವಧಿ 7.3 ತಿಂಗಳಿಂದ 15.0 ತಿಂಗಳಿಗೆ ಏರಿತು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಒಪ್ಪಿತು. ಆದರೆ ಪ್ರತಿಯೊಂದು ಹೊಸ ಲಕ್ಷ್ಯಕ್ಕೂ ದೇಹ ಬೆಲೆ ತೆರಬೇಕಾಗುತ್ತದೆ. ಪಿ.ಐ.-3 ಕೈನೇಸಿನ ಸರಣಿಯಲ್ಲೇ ಇನ್ಸುಲಿನ್ನಿನ ಸಂಕೇತವೂ ಸಾಗುವುದರಿಂದ ಅದನ್ನು ತಡೆದಾಗ ರಕ್ತದ ಸಕ್ಕರೆ ಏರುತ್ತದೆ. ಸಿ.ಡಿ.ಕೆ. ತಡೆಗಳು ಅಸ್ಥಿಮಜ್ಜೆಯ ಕೋಶಗಳ ವಿಭಜನೆಯನ್ನೂ ನಿಧಾನಗೊಳಿಸುವುದರಿಂದ ಬಿಳಿಯ ರಕ್ತಕಣಗಳು ಇಳಿಯುತ್ತವೆ. ಕ್ಯಾನ್ಸರ್ ಕೋಶ ಬಳಸುವ ದಾರಿಗಳು ದೇಹದ ಸಹಜ ದಾರಿಗಳೇ ಆಗಿರುವುದು ಈ ಚಿಕಿತ್ಸೆಯ ಮೂಲಭೂತ ತೊಡಕು. ಆದುದರಿಂದ ಯಾವ ರೋಗಿಯಲ್ಲಿ ಯಾವ ಬಳಸುದಾರಿ ತೆರೆದಿದೆಯೆಂದು ಗಂಟಿನ ಅಥವಾ ರಕ್ತದ ಪರೀಕ್ಷೆಯಿಂದ ಮೊದಲೇ ಅರಿಯುವುದು ಅನಿವಾರ್ಯ.

ಒಂದೇ ಅಣುವಿನಲ್ಲಿ ಎರಡು ಕಾರ್ಯ

ಬಹುಲಕ್ಷ್ಯ ಚಿಕಿತ್ಸೆಯ ಎರಡನೆಯ ಬಗೆ ಇನ್ನೂ ಕುತೂಹಲಕರವಾದುದು: ಒಂದೇ ಅಣು ಎರಡು ಲಕ್ಷ್ಯಗಳನ್ನು ಹಿಡಿಯುವಂತೆ ರೂಪಿಸುವುದು. ಔಷಧ ರಸಾಯನಜ್ಞರು ಇದಕ್ಕೆ ಅನುಸರಿಸುವ ವಿಧಾನಗಳನ್ನು ಕನ್ನಡದ ವಿದ್ಯಾರ್ಥಿಗಳು ಸಮಾಸ ಮತ್ತು ಶ್ಲೇಷಗಳ ಪರಿಭಾಷೆಯಲ್ಲಿ ಸುಲಭವಾಗಿ ಗ್ರಹಿಸಬಹುದು.

ಸಮಾಸದಲ್ಲಿ ಎರಡು ಪದಗಳು ತಮ್ಮ ತಮ್ಮ ಗುರುತನ್ನು ಉಳಿಸಿಕೊಂಡೇ ಒಂದಾಗುತ್ತವೆ. ಹಾಗೆಯೇ ಒಂದು ಲಕ್ಷ್ಯವನ್ನು ಹಿಡಿಯುವ ಅಣುಭಾಗಕ್ಕೂ ಇನ್ನೊಂದನ್ನು ಹಿಡಿಯುವ ಅಣುಭಾಗಕ್ಕೂ ನಡುವೆ ಕೊಂಡಿ ಹಾಕಿ ಒಂದೇ ಔಷಧವನ್ನಾಗಿ ಮಾಡಬಹುದು. ಶ್ಲೇಷದಲ್ಲಿ ಹೀಗಲ್ಲ, ಒಂದೇ ಪದ, ಏನನ್ನೂ ಕೂಡಿಸದೆ, ಎರಡು ಅರ್ಥಗಳಿಗೆ ಸಮನಾಗಿ ಸಲ್ಲುತ್ತದೆ. ಒಂದೇ ಸಣ್ಣ ಅಣುವಿನ ಆಕಾರವೇ ಎರಡು ಬೇರೆ ಪ್ರೋಟೀನುಗಳ ಕುಳಿಗಳಿಗೆ ಹೊಂದುವಂತಿದ್ದರೆ ಅದು ಎರಡನೆಯ ಬಗೆಯ ಔಷಧ.

ಈ ಎರಡನೆಯ ಬಗೆಗೆ ನಾರೆಂಡಾಕ್ಸಿಫೆನ್ ಉತ್ತಮ ನಿದರ್ಶನ. ಟ್ಯಾಮಾಕ್ಸಿಫೆನ್ ದೇಹದೊಳಗೆ ಹಲವು ರೂಪಗಳಿಗೆ ಬದಲಾಗುತ್ತದೆ. ಅವುಗಳಲ್ಲಿ ಒಂದಾದ ನಾರೆಂಡಾಕ್ಸಿಫೆನ್ ಗ್ರಾಹಿಯನ್ನು ಹಿಡಿಯುವುದರ ಜೊತೆಗೆ ಅರೋಮಟೇಸ್ ಕಿಣ್ವವನ್ನೂ ತಡೆಯುತ್ತದೆಂದು ಅಮೆರಿಕದ ಇಂಡಿಯಾನಾದ ಸಂಶೋಧಕರು 2012ರಲ್ಲಿ ತೋರಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದ ಮಾರ್ಕ್ ಕುಶ್‌ಮನ್ ಮತ್ತು ಸಹೋದ್ಯೋಗಿಗಳು ಆ ಅಣುವನ್ನು ಆಧಾರವಾಗಿಟ್ಟುಕೊಂಡು ಹಲವು ರೂಪಾಂತರಗಳನ್ನು ರಚಿಸಿದ್ದಾರೆ. ಟ್ಯಾಮಾಕ್ಸಿಫೆನ್ನಿನ ಜಾತಿಯ ಔಷಧಗಳಿಗೆ ಮೂಳೆಯನ್ನು ಕಾಪಾಡುವ ಗುಣವಿದೆ. ಅರೋಮಟೇಸ್ ತಡೆಗಳಿಗೆ ಮೂಳೆಯನ್ನು ದುರ್ಬಲಗೊಳಿಸುವ ದೋಷವಿದೆ. ಎರಡೂ ಒಂದೆಡೆ ಸೇರಿದರೆ ದೋಷವನ್ನು ಗುಣ ಸರಿದೂಗಿಸಬಹುದೆಂಬುದು ನಿರೀಕ್ಷೆ. ಆದರೆ ಎಟಾಕ್ ಪ್ರಯೋಗದಲ್ಲಿ ಇದೇ ಎರಡು ಕಾರ್ಯಗಳ ಜೋಡಣೆ ಫಲ ಕೊಡಲಿಲ್ಲವೆಂಬುದನ್ನು ನೆನೆದರೆ ಈ ನಿರೀಕ್ಷೆಯನ್ನು ಎಚ್ಚರದಿಂದ ನೋಡಬೇಕಾಗುತ್ತದೆ. ಬ್ರಿಟನ್ನಿನ ಬ್ಯಾರಿ ಪಾಟರ್ ಅವರ ತಂಡ ಅರೋಮಟೇಸ್ ಮತ್ತು ಸಲ್ಫಟೇಸ್ ಎಂಬ ಎರಡು ಕಿಣ್ವಗಳನ್ನು ಒಟ್ಟಿಗೆ ತಡೆಯುವ ಅಣುಗಳನ್ನು ರಚಿಸಿತು. ದೇಹ ದಾಸ್ತಾನು ಮಾಡಿಟ್ಟ ನಿಷ್ಕ್ರಿಯ ಈಸ್ಟ್ರೊಜನ್ನನ್ನು ಸಕ್ರಿಯಗೊಳಿಸುವುದು ಸಲ್ಫಟೇಸಿನ ಕೆಲಸ. ತಯಾರಿಕೆಯನ್ನೂ ದಾಸ್ತಾನನ್ನೂ ಒಟ್ಟಿಗೆ ಮುಚ್ಚುವ ಈ ಯೋಚನೆ ಸೊಗಸಾದುದೇ. ಇಂತಹ ದ್ವಿಲಕ್ಷ್ಯ ಅಣುಗಳು ನಿತ್ಯದ ಚಿಕಿತ್ಸೆಯ ಔಷಧಗಳಾಗಿ ಇನ್ನೂ ರೂಪುಗೊಂಡಿಲ್ಲ.

ಸಮಾಸದ ಬಗೆಯ ಅಣುಗಳಿಗೆ ಗಾತ್ರವೇ ಶತ್ರು. ಬಾಯಿಯ ಮೂಲಕ ಕೊಡುವ ಔಷಧದ ಅಣುತೂಕ ಸಾಮಾನ್ಯವಾಗಿ 500ನ್ನು ಮೀರಬಾರದೆಂದು ಕ್ರಿಸ್ಟೊಫರ್ ಲಿಪಿನ್‌ಸ್ಕಿ 1997ರಲ್ಲಿ ಸೂತ್ರೀಕರಿಸಿದ. ದೀರ್ಘ ಸಮಾಸ ನಾಲಿಗೆಯಲ್ಲಿ ಹೊರಳದಂತೆ ದೊಡ್ಡ ಅಣು ಕೋಶದ ಪೊರೆಯನ್ನು ದಾಟಲಾರದು. ಆದರೂ ಈ ಎಲ್ಲೆಯನ್ನು ಮೀರಿದ ಒಂದು ಕುಲ 2001ರಿಂದ ಬೆಳೆದಿದೆ. ಪ್ರೊಟ್ಯಾಕ್ ಎಂದು ಕರೆಯಲಾಗುವ ಈ ಅಣುಗಳ ಒಂದು ತುದಿ ರೋಗದ ಪ್ರೋಟೀನನ್ನು, ಇನ್ನೊಂದು ತುದಿ ಕೋಶದ ಕಸವಿಲೇವಾರಿ ವ್ಯವಸ್ಥೆಗೆ ಸೇರಿದ ಪ್ರೋಟೀನನ್ನು ಹಿಡಿಯುತ್ತದೆ. ಹತ್ತಿರ ತಂದ ಗ್ರಾಹಿಯನ್ನು ಕೋಶವೇ ಚೂರುಮಾಡುತ್ತದೆ. ರೋಗದ ಲಕ್ಷ್ಯ ಒಂದೇ ಆಗಿರುವುದರಿಂದ ಇದನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಬಹುಲಕ್ಷ್ಯ ಔಷಧವೆನ್ನಲಾಗದು. ಒಂದು ಅಣುವಿಗೆ ಎರಡು ಕೈಗಳಿರಬಹುದೆಂಬುದನ್ನು ಮಾತ್ರ ಇದು ಸಾಧಿಸಿ ತೋರಿಸಿತು. ಈಸ್ಟ್ರೊಜನ್ ಗ್ರಾಹಿಯನ್ನು ಗುರಿಯಾಗಿಸಿಕೊಂಡ ವೆಪ್ಡೆಜೆಸ್ಟ್ರಾಂಟ್ ಎಂಬ ಪ್ರೊಟ್ಯಾಕ್ ಮಾತ್ರೆಯನ್ನು ಕುರಿತು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಗ್ರಾಹಿಯ ವಂಶವಾಹಿ ಬದಲಾಗಿದ್ದ ರೋಗಿಗಳಲ್ಲಿ ರೋಗ ತಡೆಹಿಡಿದ ಮಧ್ಯಮ ಅವಧಿ 5.0 ತಿಂಗಳು, ಫುಲ್ವೆಸ್ಟ್ರಾಂಟ್ ಪಡೆದವರಲ್ಲಿ 2.1 ತಿಂಗಳು.

ಒಂದೇ ಅಣುವಿನ ಮಾರ್ಗಕ್ಕೂ ಔಷಧಗಳ ಜೋಡಣೆಗೂ ಇರುವ ಒಂದು ವ್ಯತ್ಯಾಸ ಗಮನಾರ್ಹ. ಎರಡು ಮಾತ್ರೆಗಳನ್ನು ಕೊಟ್ಟಾಗ ಒಂದು ತೊಂದರೆ ಕೊಟ್ಟರೆ ಅದರ ಪ್ರಮಾಣವನ್ನಷ್ಟೇ ಇಳಿಸಬಹುದು. ಒಂದೇ ಅಣುವಿನಲ್ಲಿ ಎರಡು ಕಾರ್ಯಗಳ ಪ್ರಮಾಣ ರಚನೆಯಲ್ಲೇ ಬಿಗಿದುಹೋಗಿರುತ್ತದೆ. ಒಂದನ್ನು ಇಳಿಸಿದರೆ ಇನ್ನೊಂದೂ ಇಳಿಯುತ್ತದೆ. ಇದಕ್ಕೆ ಪ್ರತಿಯಾಗಿ, ಮಾತ್ರೆ ಒಂದೇ ಆಗುವುದರಿಂದ ಸೇವನೆ ಸುಲಭ, ಔಷಧಗಳ ಪರಸ್ಪರ ಘರ್ಷಣೆಯ ಭಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಅರಿಶಿನದ ಕರ್ಕ್ಯುಮಿನ್ ಮೊದಲಾದ ಸಸ್ಯದ್ರವ್ಯಗಳು ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಹಲವಾರು ಪ್ರೋಟೀನುಗಳ ಮೇಲೆ ಪರಿಣಾಮ ತೋರುತ್ತವೆಂಬ ಕಾರಣಕ್ಕೆ ಅವುಗಳನ್ನು 'ಬಹುಲಕ್ಷ್ಯ ಔಷಧ'ಗಳೆಂದು ಹೊಗಳುವ ರೂಢಿ ಇದೆ. ತಿಂದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಹಲವನ್ನು ಮುಟ್ಟುವುದಕ್ಕೂ, ಆರಿಸಿದ ಎರಡನ್ನು ಬೇಕಾದ ಬಲದಲ್ಲಿ ಹಿಡಿಯುವುದಕ್ಕೂ ಅಂತರವಿದೆ. ಮಂಜೂರಾದ ಮಾತ್ರೆಯನ್ನು ಬಿಟ್ಟು ಇವನ್ನು ನಂಬುವುದು ಅಪಾಯಕರ.

ಖಾರ್ಘರಿನ ಸಂಶೋಧನೆ

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಆರಂಭವಾದದ್ದು 1941ರಲ್ಲಿ. 1952ರಲ್ಲಿ ವಿ. ಆರ್. ಖಾನೋಲ್ಕರ್ ಅವರ ನೇತೃತ್ವದಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನ ಕೇಂದ್ರ ಸ್ಥಾಪನೆಗೊಂಡಿತು. ಇಲ್ಲಿ ಕೋಶಗಳನ್ನು ದೇಹದ ಹೊರಗೆ ಬೆಳೆಸುವ ಪ್ರಯೋಗಶಾಲೆಯನ್ನು ಕಟ್ಟಿದ ಕಮಲ್ ರಣದಿವೆ (1917-2001) ಸ್ತನ ಕ್ಯಾನ್ಸರಿನಲ್ಲಿ ಹಾರ್ಮೋನುಗಳ ಪಾತ್ರವನ್ನು ಇಲಿಗಳಲ್ಲಿ ಅಧ್ಯಯನಮಾಡಿದ ಭಾರತದ ಮೊದಲಿಗರಲ್ಲಿ ಒಬ್ಬರು. ಈ ಸಂಶೋಧನ ಪರಂಪರೆ 2002ರಲ್ಲಿ ಖಾರ್ಘರಿನ ಅರವತ್ತು ಎಕರೆ ಆವರಣಕ್ಕೆ ಸ್ಥಳಾಂತರಗೊಂಡಿತು.

ಬಹುಲಕ್ಷ್ಯದ ಪ್ರಶ್ನೆಗೆ ಈ ಪರಂಪರೆ ಕೊಟ್ಟ ಕೊಡುಗೆ ಅನಿರೀಕ್ಷಿತವಾದ ದಿಕ್ಕಿನಿಂದ ಬಂದಿದೆ. ಹೊಸ ಅಣುವನ್ನು ರಚಿಸುವ ಬದಲು, ಬಹುಕಾಲದಿಂದ ಬಳಕೆಯಲ್ಲಿರುವ ಅಗ್ಗದ ಹಾರ್ಮೋನೊಂದನ್ನು ಸರಿಯಾದ ಹೊತ್ತಿನಲ್ಲಿ ಕೊಟ್ಟರೆ ಏನಾಗುತ್ತದೆಂದು ರಾಜೇಂದ್ರ ಬಡ್ವೆ ಮತ್ತು ಸಹೋದ್ಯೋಗಿಗಳು ಕೇಳಿದರು. ಟಾಟಾ ಮೆಮೋರಿಯಲ್ಲಿನಲ್ಲಿ ಶಸ್ತ್ರಕ್ರಿಯೆಗೆ ಬಂದ ಸುಮಾರು ಸಾವಿರ ಮಹಿಳೆಯರಲ್ಲಿ ಒಂದು ಗುಂಪಿಗೆ, ಶಸ್ತ್ರಕ್ರಿಯೆಗೆ 5ರಿಂದ 14 ದಿನ ಮೊದಲು, 500 ಮಿಲಿಗ್ರಾಂ ಹೈಡ್ರಾಕ್ಸಿ-ಪ್ರೊಜೆಸ್ಟರಾನಿನ ಒಂದೇ ಒಂದು ಚುಚ್ಚುಮದ್ದು ಕೊಡಲಾಯಿತು. 2011ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಭಾಗದ್ದು. ಒಟ್ಟು ರೋಗಿಗಳನ್ನು ಪರಿಗಣಿಸಿದಾಗ ಎರಡು ಗುಂಪುಗಳ ನಡುವೆ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಕಂಕುಳ ಗ್ರಂಥಿಗಳಿಗೆ ರೋಗ ತಲಪಿದ್ದ 471 ಮಂದಿಯಲ್ಲಿ ಮಾತ್ರ ಐದು ವರ್ಷಗಳ ಬಳಿಕ ಬದುಕಿದ್ದವರ ಪ್ರಮಾಣ ಚುಚ್ಚುಮದ್ದು ಪಡೆದವರಲ್ಲಿ ನೂರಕ್ಕೆ 75.7, ಪಡೆಯದವರಲ್ಲಿ 66.8 ಆಗಿತ್ತು. ಉಪಗುಂಪಿನಲ್ಲಿ ಕಂಡ ಫಲವನ್ನು ಎಲ್ಲರಿಗೂ ಅನ್ವಯಿಸುವ ಮುನ್ನ ಮತ್ತೆ ಪರೀಕ್ಷಿಸಬೇಕೆಂಬುದು ವಿಜ್ಞಾನದ ಶಿಸ್ತು. ಆದುದರಿಂದ ಇದನ್ನು ಸಿದ್ಧ ಚಿಕಿತ್ಸೆಯೆನ್ನುವುದಕ್ಕಿಂತ ಬೆಲೆಯುಳ್ಳ ಸೂಚನೆಯೆನ್ನುವುದು ಉಚಿತ.

ಆ ಸೂಚನೆಯ ಕಾರಣವನ್ನು ಹುಡುಕಿದ್ದು ಖಾರ್ಘರಿನ ಪ್ರಯೋಗಶಾಲೆ. ಅಮಿತ್ ದತ್ ಅವರ ತಂಡದ ಮುಕುಲ್ ಗೋಡ್ಬೋಲೆ ಮತ್ತು ಸಹೋದ್ಯೋಗಿಗಳು 2017 ಮತ್ತು 2018ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ ಪ್ರೊಜೆಸ್ಟರಾನ್ ಸ್ತನ ಕ್ಯಾನ್ಸರ್ ಕೋಶಗಳ ಚಲನೆಯನ್ನೂ ನೆರೆಯ ಅಂಗಾಂಶದೊಳಕ್ಕೆ ನುಗ್ಗುವ ಗುಣವನ್ನೂ ತಗ್ಗಿಸುತ್ತದೆ. ಪ್ರೊಜೆಸ್ಟರಾನ್ ಗ್ರಾಹಿ ಇಲ್ಲದ ಕೋಶಗಳಲ್ಲೂ ಹೀಗಾಗುತ್ತದೆ. ಎಸ್.ಜಿ.ಕೆ.-1 ಎಂಬ ಕಿಣ್ವದ ವಂಶವಾಹಿಯನ್ನು ಅದು ಎಚ್ಚರಿಸುತ್ತದೆ, ಅದರ ಮೂಲಕ ರೋಗ ಹರಡುವುದನ್ನು ತಡೆಯುವ ಎನ್.ಡಿ.ಆರ್.ಜಿ.-1 ಎಂಬ ವಂಶವಾಹಿ ಚುರುಕಾಗುತ್ತದೆ. ಒಂದೇ ಗ್ರಾಹಿಯ ಹಾರ್ಮೋನೆಂದು ಪಠ್ಯಪುಸ್ತಕಗಳು ವರ್ಣಿಸುತ್ತಿದ್ದ ವಸ್ತುವಿಗೆ ಆ ಗ್ರಾಹಿಯ ಆಚೆಗೂ ಕೆಲಸವಿದೆಯೆಂಬುದು ಇಲ್ಲಿ ಕಂಡುಬಂದಿದೆ. ಬಹುಲಕ್ಷ್ಯ ಔಷಧವನ್ನು ಹೊಸದಾಗಿ ಕಟ್ಟುವುದು ಒಂದು ಮಾರ್ಗವಾದರೆ, ಹಳೆಯ ಔಷಧದಲ್ಲಿ ಅಡಗಿರುವ ಎರಡನೆಯ ಲಕ್ಷ್ಯವನ್ನು ಗುರುತಿಸುವುದು ಇನ್ನೊಂದು. ಕುಟುಂಬದ ಉಳಿತಾಯವನ್ನೆಲ್ಲ ಚಿಕಿತ್ಸೆಗೆ ಸುರಿಯಬೇಕಾಗುವ ಸಮಾಜದಲ್ಲಿ ಎರಡನೆಯ ಮಾರ್ಗಕ್ಕೆ ವಿಶೇಷ ಮಹತ್ತ್ವವಿದೆ.

ಬೆಲೆಯ ಪ್ರಶ್ನೆ ಹೊಸ ಔಷಧಗಳ ವಿಷಯದಲ್ಲಿ ಸದಾ ಎದುರಾಗುವಂಥದು. ಪಾಲ್ಬೊಸಿಕ್ಲಿಬಿನ ಪೇಟೆಂಟ್ ಅವಧಿ ಭಾರತದಲ್ಲಿ 2023ರ ಜನವರಿಯಲ್ಲಿ ಮುಗಿದ ಬಳಿಕ ಹಲವು ಭಾರತೀಯ ಕಂಪನಿಗಳು ಅದನ್ನು ತಯಾರಿಸತೊಡಗಿ ಬೆಲೆ ಬಹಳವಾಗಿ ಇಳಿಯಿತು. ಎರಡನೆಯ ಬಾಗಿಲನ್ನು ಮುಚ್ಚುವ ಚಿಕಿತ್ಸೆ ಮಧ್ಯಮವರ್ಗದ ಮನೆಗಳ ಅಳವಿಗೆ ಸಮೀಪಿಸಿದ್ದು ಇದರಿಂದಾಗಿಯೇ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವ ಅಂಶವೆಂದರೆ, ಲಕ್ಷ್ಯಗಳ ಸಂಖ್ಯೆಗಿಂತ ಅವುಗಳ ಆಯ್ಕೆ ಮುಖ್ಯ. ಒಂದೇ ದಾರಿಯ ಎರಡು ತಾಣಗಳನ್ನು ಹಿಡಿದ ಎಟಾಕ್ ಜೋಡಣೆ ಸೋತಿತು. ಕೋಶದ ಬಳಸುದಾರಿಯನ್ನು ಅರಿತು ಹಿಡಿದ ಸಿ.ಡಿ.ಕೆ. ಜೋಡಣೆ ಗೆದ್ದಿತು. ಒಂದೇ ಅಣುವಿನ ಪ್ರಯತ್ನಗಳಿಗೂ ಈ ಒರೆಗಲ್ಲೇ ಅನ್ವಯಿಸುತ್ತದೆ. ಹಾಗೆಯೇ, ಈ ಎಲ್ಲ ಜೋಡಣೆಗಳಿಗೂ ತಳಹದಿಯಾಗಿ ಉಳಿದಿರುವುದು ಹಾರ್ಮೋನಿನ ದಾರಿಯನ್ನು ತಡೆಯುವ ಹಳೆಯ ಚಿಕಿತ್ಸೆಯೇ ಎಂಬುದನ್ನೂ ಗಮನಿಸಬೇಕು.

ಈ ತಳಹದಿ ಕುಸಿಯುವುದು ಹೆಚ್ಚಾಗಿ ಮನೆಯಲ್ಲಿ. ಶಸ್ತ್ರಕ್ರಿಯೆ ಮುಗಿದು, ಕೂದಲು ಮತ್ತೆ ಬೆಳೆದು, ಸಂಸಾರ ಮೊದಲಿನಂತೆ ಸಾಗತೊಡಗಿದಾಗ ದಿನವೂ ನುಂಗುವ ಮಾತ್ರೆ ಅನಗತ್ಯವೆನಿಸುತ್ತದೆ. ಮೈಯಲ್ಲಿ ಬಿಸಿಯೇರುವುದು, ಕೀಲುನೋವು ಮೊದಲಾದ ಉಪಟಳಗಳೂ ಸೇರಿಕೊಳ್ಳುತ್ತವೆ. ಎರಡನೆಯ ಅಥವಾ ಮೂರನೆಯ ವರ್ಷಕ್ಕೆ ಮಾತ್ರೆ ನಿಲ್ಲಿಸಿದವರಿಗೆ ಐದು ವರ್ಷಗಳ ಸೇವನೆಯಿಂದ ಸಿಗುವ ರಕ್ಷಣೆ ಪೂರ್ಣವಾಗಿ ದೊರೆಯುವುದಿಲ್ಲ.

ಇಲ್ಲಿ ಕನ್ನಡಕ್ಕೆ ಒಂದು ಕೆಲಸವಿದೆ. ಡೊಂಬಿವಲಿ, ಕಲ್ಯಾಣ, ಥಾಣೆ, ನವಿಮುಂಬಯಿಗಳ ಕನ್ನಡ ಸಂಘಗಳು ನಡೆಸುವ ಆರೋಗ್ಯ ಶಿಬಿರಗಳಲ್ಲಿ, ಮಹಿಳಾ ವಿಭಾಗಗಳ ಸಭೆಗಳಲ್ಲಿ ಮೂರು ವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳುವವರು ಬೇಕು. ವರದಿಯಲ್ಲಿ 'ಇ.ಆರ್. ಪಾಸಿಟಿವ್' ಎಂದಿದ್ದರೆ ಅದಕ್ಕೆ ಔಷಧವುಂಟೆಂದು ತಿಳಿಯಬೇಕು. ಮೈ ಹಗುರಾಗಿದೆಯೆಂದು ಮಾತ್ರೆ ನಿಲ್ಲಿಸಬಾರದು. ತೊಂದರೆಯಾದರೆ ವೈದ್ಯರಿಗೆ ತಿಳಿಸಬೇಕು, ಅವರಲ್ಲಿ ಬದಲಿ ಔಷಧಗಳಿವೆ. ಮುಂದೆಂದಾದರೂ ಎರಡನೆಯ ಔಷಧವನ್ನು ಸೇರಿಸಿದರೆ ಎಲ್ಲವೂ ಮುಗಿಯಿತೆಂದು ಅರ್ಥವಲ್ಲ. ಇನ್ನೊಂದು ಬಾಗಿಲನ್ನೂ ಮುಚ್ಚಲಾಗುತ್ತಿದೆಯೆಂದು ಅರ್ಥ. ಈ ವಾಕ್ಯಗಳನ್ನು ಮರಾಠಿ ಬಾರದ ಅಜ್ಜಿಗೂ, ಕನ್ನಡ ಮಾಸಿದ ಮೊಮ್ಮಗಳಿಗೂ ತಿಳಿಯುವಂತೆ ಹೇಳಬಲ್ಲ ವಿದ್ಯಾರ್ಥಿಗಳು ಕನ್ನಡ ವಿಭಾಗಗಳಲ್ಲಿ ತಯಾರಾಗಬೇಕಾಗಿದೆ.